ಏರ್ ರೈಫಲ್‌ನ ಸ್ಕೋಪ್ ಮೌಂಟ್ ಬದಲಾಯಿಸಬೇಕಾ? ಕಡಿಮೆ ದುಡ್ಡಿನ ಒನ್ ಪೀಸ್ ಮೌಂಟ್ ಹೇಗಿದೆ ನೋಡಿ

ಮೊದಲೇ ಹೇಳಿಬಿಡುತ್ತೇನೆ. ಮೌಂಟ್ ಅಂದರೆ ಸ್ಕೋಪನ್ನು, ಅಂದರೆ ಗುರಿ ನೋಡುವ ದುರ್ಬೀನನ್ನು, ರೈಫಲ್ ಮೇಲೆ ಕಚ್ಚಿ ಹಿಡಿಯುವ ಸಾಮಾನು. ನಿಮ್ಮದು ಸ್ಪ್ರಿಂಗ್ ಏರ್ ರೈಫಲ್ ಆಗಿದ್ದು, ಸ್ಕೋಪ್ ಡಬ್ಬಿಯೊಳಗೆ ಪುಕ್ಕಟೆ ಬಂದ ಎರಡು ಸಣ್ಣ ರಿಂಗ್‌ಗಳ ಮೇಲೆ ಸ್ಕೋಪ್ ಕೂತಿದ್ದರೆ, ಇವತ್ತಲ್ಲ ನಾಳೆ ಮೌಂಟ್ ಬದಲಾಯಿಸುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಐದಾರು ಸಾವಿರ ಸುರಿಯುವ ಅಗತ್ಯ ಇಲ್ಲ. ಸ್ಟಾಪ್ ಪಿನ್ (ಜಾರದಂತೆ ತಡೆಯುವ ಸಣ್ಣ ಮೊಳೆ) ಇರುವ, ಒಂದೇ ತುಂಡಿನ ಸಾದಾ ಅಲ್ಯೂಮಿನಿಯಂ ಮೌಂಟ್ ಸಾಕು. ನನ್ನ ಕೆಲಸ ಒಂದೂವರೆ ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಆದರೆ ತರಿಸುವ ಮುಂಚೆ ಒಂದಷ್ಟು ವಿಷಯ ನೋಡಿಕೊಳ್ಳಬೇಕು. ಯಾಕೆಂದರೆ ಮೌಂಟ್ ಮೇಲೆ ಹೊರಿಸುವ ಅರ್ಧ ತಪ್ಪು ಮೌಂಟಿನದ್ದೇ ಅಲ್ಲ.

ನನ್ನ ಹತ್ತಿರ ಇರುವುದು .177 (ಅಂದರೆ ಕೊಳವೆಯ ತೂತು 0.177 ಇಂಚಿನ) ಬ್ರೇಕ್ ಬ್ಯಾರಲ್ ಸ್ಪ್ರಿಂಗರ್, ಅಂದರೆ ಸ್ಪ್ರಿಂಗ್ ರೈಫಲ್. ಬ್ಯಾರಲ್ ಮಡಚಿ, ಪೆಲೆಟ್ (ಸಣ್ಣ ಗುಂಡು) ಹಾಕಿ ಹೊಡೆಯುವಂಥದ್ದು. ಅದರ ಮೇಲೆ 3-9x40 ಸ್ಕೋಪ್, ಅಂದರೆ ಮೂರರಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 40 ಎಂಎಂ ಇರುವಂಥದ್ದು. ತೋಟದಲ್ಲಿ 25 ಮೀಟರ್ ದೂರದಲ್ಲಿ ಮಣ್ಣಿನ ದಿಬ್ಬದ ಮುಂದೆ ಕಾಗದದ ಗುರಿ ಇಟ್ಟು ಹೊಡೆಯುತ್ತೇನೆ. ಶುರುವಿನಲ್ಲಿ ಎಲ್ಲ ಚೆನ್ನಾಗಿತ್ತು. ಆಮೇಲಾಮೇಲೆ ಗ್ರೂಪ್ (ಪೆಲೆಟ್‌ಗಳು ಬೀಳುವ ಗುಂಪು) ಮೇಲೆ ಕೆಳಗೆ ಓಡಾಡಲು ಶುರುವಾಯಿತು. ಬೆಳಿಗ್ಗೆ ಝೀರೋ ಮಾಡಿದರೆ, ಅಂದರೆ ಗುರಿ ಇಟ್ಟಲ್ಲೇ ಬೀಳುವ ಹಾಗೆ ಸ್ಕೋಪ್ ಹೊಂದಿಸಿದರೆ, ಸಂಜೆಗೆ ಬೇರೆ ಕಡೆ ಬೀಳುತ್ತಿತ್ತು.

ಸ್ಪ್ರಿಂಗ್ ರೈಫಲ್‌ನಲ್ಲಿ ಹೀಗೆ ಯಾಕಾಗುತ್ತದೆ ಅಂತ ಮೊದಲು ಅರ್ಥ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಯಾವ ಮೌಂಟ್ ತಗೊಳ್ಳಬೇಕು ಅನ್ನೋದೇ ತಿಳಿಯುವುದಿಲ್ಲ. ಟ್ರಿಗರ್ ಒತ್ತಿದ ಕೂಡಲೇ ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ಹಾರುತ್ತದೆ. ಆಗ ರೈಫಲ್ ಹಿಂದಕ್ಕೆ ಬರುತ್ತದೆ. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ, ಎಲ್ಲ ಬಂದೂಕುಗಳೂ ಹಿಂದಕ್ಕೆ ಒದೆಯುತ್ತವೆ. ಆದರೆ ಪಿಸ್ಟನ್ ಹೋಗಿ ಸಿಲಿಂಡರ್ ತುದಿಗೆ ತಾಗಿ ಗಕ್ಕನೆ ನಿಲ್ಲುತ್ತದಲ್ಲ, ಆ ಕ್ಷಣದಲ್ಲಿ ಇಡೀ ರೈಫಲ್ ಮುಂದಕ್ಕೆ ಕಿತ್ತುಕೊಂಡು ಹೋಗುತ್ತದೆ. ರೈಫಲ್ ಮುಂದೆ ಹೋದರೂ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಅಂದರೆ ರೇಲ್ (ರೈಫಲ್ ಮೇಲೆ ಮೌಂಟ್ ಕಚ್ಚುವ ಪಟ್ಟಿ) ಮೇಲೆ ಅದು ಹಿಂದಕ್ಕೆ ಜಾರುತ್ತದೆ. ಒಂದು ಹೊಡೆತಕ್ಕೆ ಕಣ್ಣಿಗೆ ಕಾಣದಷ್ಟು. ನೂರಾರು ಹೊಡೆತ ಆದ ಮೇಲೆ ಉಗುರಿನಷ್ಟು. ಸ್ಪ್ರಿಂಗ್ ಬದಲು ಗ್ಯಾಸ್ ಪಿಸ್ಟನ್ ಇದ್ದರೂ ಇದೇ ಕಥೆ, ಪಿಸ್ಟನ್ ಓಡುವುದು ಓಡಿಯೇ ಓಡುತ್ತದೆ. ಮದ್ದಿನ ಬಂದೂಕಿಗೆಂದೇ ಮಾಡಿದ ಒಳ್ಳೆ ಬೆಲೆಯ ಸ್ಕೋಪ್‌ಗಳೂ ಸ್ಪ್ರಿಂಗರ್ ಮೇಲೆ ಕೆಟ್ಟುಹೋಗುವುದು ಇದಕ್ಕೇ. ಅವು ಹಿಂದಿನ ಒದೆತ ತಡೆಯುತ್ತವೆ, ಈ ಮುಂದಿನ ಎಳೆತಕ್ಕೆ ಅವನ್ನು ಮಾಡಿರುವುದಿಲ್ಲ.

ಪಿಸಿಪಿ ಇರುವವರು, ಅಂದರೆ ಪ್ರೆಸಿಹೋಲ್‌ನ ಪಿಎಕ್ಸ್100 ಅಕಿಲೀಸ್ ತರಹ ಮೊದಲೇ ಗಾಳಿ ತುಂಬಿಟ್ಟುಕೊಂಡು ಹೊಡೆಯುವ ರೈಫಲ್ ಇರುವವರು, ಇಲ್ಲಿಗೇ ಓದುವುದು ನಿಲ್ಲಿಸಬಹುದು. ಅದರಲ್ಲಿ ಓಡುವ ಭಾರದ ಪಿಸ್ಟನ್ ಇಲ್ಲ. ಸಾದಾ ರಿಂಗ್‌ಗಳನ್ನು ಸರಿಯಾಗಿ ಬಿಗಿದರೆ ಸಾಕು. ಮೌಂಟಿಗೆ ಹಾಕುವ ದುಡ್ಡನ್ನು ಒಳ್ಳೆ ಪೆಲೆಟ್‌ಗೆ ಹಾಕಿ.

ಈಗ ದುಡ್ಡು ಖರ್ಚು ಮಾಡದೆ ನೋಡಬೇಕಾದ್ದು. ಸ್ಕೋಪನ್ನು ಪೂರ್ತಿ ತೆಗೆದಿಟ್ಟು ರೈಫಲ್‌ನ ಸ್ವಂತ ಓಪನ್ ಸೈಟ್‌ನಲ್ಲಿ (ಗಾಜಿಲ್ಲದ ಗುರಿಕಿಂಡಿ) 10 ಮೀಟರ್‌ಗೆ ಒಂದಷ್ಟು ಪೆಲೆಟ್ ಹೊಡೆದು ನೋಡಿ. ಓಪನ್ ಸೈಟ್‌ನಲ್ಲೂ ಚೆಲ್ಲಾಪಿಲ್ಲಿ ಬೀಳುತ್ತಿದ್ದರೆ ಸ್ಕೋಪ್, ಮೌಂಟ್ ಎರಡನ್ನೂ ಬೈಯಬೇಡಿ. ಸ್ಟಾಕ್‌ನ, ಅಂದರೆ ಕೈ ಭುಜಕ್ಕೆ ಆನಿಸಿ ಹಿಡಿಯುವ ಭಾಗದ, ಮುಂಭಾಗದ ಎರಡು ಸ್ಕ್ರೂ, ಟ್ರಿಗರ್ ಗಾರ್ಡ್ ಹತ್ತಿರದ ಸ್ಕ್ರೂ ನೋಡಿ. ಸ್ಪ್ರಿಂಗರ್‌ನಲ್ಲಿ ಇವು ತಾವಾಗೇ ಸಡಿಲ ಆಗುತ್ತವೆ. ಬ್ಯಾರಲ್ ಮಡಚುವ ಜಾಗದ ಬೋಲ್ಟ್‌ನಲ್ಲಿ ಆಟ ಇದೆಯಾ ಅಂತ ಬ್ಯಾರಲ್ ತೆರೆದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಪೆಲೆಟ್ ಬದಲಾಯಿಸಿ ನೋಡಿ. ಹಿಡಿಯುವ ರೀತಿಯೂ ಮುಖ್ಯ. ಸ್ಪ್ರಿಂಗರನ್ನು ಬಿಗಿಯಾಗಿ ಹಿಡಿದರೆ ಗ್ರೂಪ್ ಕೆಡುತ್ತದೆ. ಮುಂದಿನ ಕೈಯ ಅಂಗೈ ಮೇಲೆ ಸುಮ್ನೆ ಕೂರಿಸಿ, ಭುಜಕ್ಕೆ ಹಗುರವಾಗಿ ತಾಗಿಸಿ, ಅದು ಹಿಂದೆ ಮುಂದೆ ಓಡಾಡಲು ಬಿಡಬೇಕು. ಮರಳು ಚೀಲದ ಮೇಲೆ ನೇರ ಇಟ್ಟು ಹೊಡೆದವರು ಬಹಳಷ್ಟು ಜನ ಮೌಂಟ್ ಸರಿಯಿಲ್ಲ ಅನ್ನುತ್ತಾರೆ. ಚೀಲದ ಮೇಲೆ ಕೈ ಇಟ್ಟು, ಕೈ ಮೇಲೆ ರೈಫಲ್ ಇಟ್ಟು ಹೊಡೆದರೆ ಅದೇ ರೈಫಲ್ ಬೇರೆಯೇ ಆಗಿಬಿಡುತ್ತದೆ.

ಓಪನ್ ಸೈಟ್‌ನಲ್ಲಿ ಚೆನ್ನಾಗಿ ಬಿದ್ದು, ಸ್ಕೋಪ್‌ನಲ್ಲಿ ಮಾತ್ರ ಓಡಾಡುತ್ತಿದ್ದರೆ ಆಗ ಮೌಂಟ್ ಕಡೆ ನೋಡಿ. ಹಿಂದಿನ ರಿಂಗ್‌ನ ಹಿಂಬದಿಗೆ ಸರಿಯಾಗಿ ತಾಗುವ ಹಾಗೆ ರೇಲ್ ಮೇಲೆ ಬಿಳಿ ಕರೆಕ್ಷನ್ ಫ್ಲೂಯಿಡ್‌ನಲ್ಲಿ ಸಣ್ಣ ಗೆರೆ ಎಳೆಯಿರಿ. ಸ್ಕೋಪ್ ಟ್ಯೂಬ್ ರಿಂಗ್‌ನಿಂದ ಹೊರಬರುವ ಜಾಗದಲ್ಲೂ ಇನ್ನೊಂದು ಗೆರೆ. ಒಂದು ಡಬ್ಬಿ ಪೆಲೆಟ್ ಮುಗಿಯಲಿ. ಆಮೇಲೆ ನೋಡಿ. ನನ್ನದರಲ್ಲಿ ಹಿಂದಿನ ರಿಂಗ್ ಗೆರೆಯನ್ನು ಪೂರ್ತಿ ಕೆರೆದುಕೊಂಡು ಹಿಂದೆ ಬಂದಿತ್ತು. ಬಿಳಿ ಪುಡಿ ರಿಂಗ್‌ನ ಬಾಯಿಯಲ್ಲಿ ಗುಡ್ಡೆಯಾಗಿತ್ತು. ಮುಂದಿನ ರಿಂಗ್ ಬಿಟ್ಟು ಹೋದ ಜಾಗದಲ್ಲಿ ರೇಲ್‌ನ ಕಪ್ಪು ಬಣ್ಣ ಎದ್ದು, ಹೊಳೆಯುವ ಎರಡು ಉದ್ದ ಗೀರು ಕಾಣುತ್ತಿದ್ದವು. ಟ್ಯೂಬ್ ಮೇಲಿನ ಗೆರೆ ಮಾತ್ರ ಹಾಗೇ ಇತ್ತು. ಅಂದರೆ ಸ್ಕೋಪ್ ರಿಂಗ್‌ನೊಳಗೆ ಜಾರುತ್ತಿರಲಿಲ್ಲ, ರಿಂಗ್‌ಗಳೇ ರೇಲ್ ಮೇಲೆ ಜಾರುತ್ತಿದ್ದವು. ಈ ಎರಡು ಗೆರೆಯ ಪರೀಕ್ಷೆಗೆ ಹತ್ತು ಪೈಸೆ ಖರ್ಚಿಲ್ಲ, ಆದರೆ ಯಾವುದಕ್ಕೆ ದುಡ್ಡು ಹಾಕಬೇಕು ಅನ್ನೋದು ಇದರಲ್ಲೇ ಗೊತ್ತಾಗುತ್ತದೆ. ಎರಡೂ ಗೆರೆ ಅಲ್ಲಾಡದೆ ಇದ್ದು ಪೆಲೆಟ್ ಮಾತ್ರ ಓಡಾಡುತ್ತಿದ್ದರೆ ಸ್ಕೋಪ್ ಒಳಗೇ ಏನೋ ಸಡಿಲ ಆಗಿದೆ ಅಂತ ಅನುಮಾನ ಪಡಬೇಕು. ಅದಕ್ಕೆ ಎಂಥ ಮೌಂಟ್ ಹಾಕಿದರೂ ಪ್ರಯೋಜನ ಇಲ್ಲ.

ಜಾರುವುದು ಗೊತ್ತಾದ ಮೇಲೂ ಒಂದು ಸಲ ಹಳೇ ರಿಂಗನ್ನೇ ಸರಿಯಾಗಿ ಕೂರಿಸಿ ನೋಡಬಹುದು. ರೇಲ್ ಮೇಲೆ ಕಾರ್ಖಾನೆಯ ಎಣ್ಣೆ ಇರುತ್ತದೆ, ಮಳೆಗಾಲದಲ್ಲಿ ನಾವೂ ತುಕ್ಕು ಹಿಡಿಯದಿರಲಿ ಅಂತ ಒಂದಿಷ್ಟು ಸವರಿರುತ್ತೇವೆ. ಅದರ ಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ರೇಲ್, ರಿಂಗ್‌ನ ಕಚ್ಚುವ ಭಾಗ ಎರಡನ್ನೂ ಬಟ್ಟೆಯಲ್ಲಿ ಕಪ್ಪು ಬರುವುದು ನಿಲ್ಲುವವರೆಗೆ ಒರೆಸಿ. ಕಡಿಮೆ ಶಕ್ತಿಯ ರೈಫಲ್‌ಗಳಿಗೆ ಇಷ್ಟೇ ಸಾಕಾಗಬಹುದು. ನನ್ನದಕ್ಕೆ ಸಾಕಾಗಲಿಲ್ಲ. ಸ್ವಲ್ಪ ದಿನ ನಿಂತು ಮತ್ತೆ ಜಾರಿತು. ಕಾರಣ ಸರಳ. ಆ ರಿಂಗ್‌ಗಳಿಗೆ ಕೆಳಗೆ ತಲಾ ಒಂದೇ ಸ್ಕ್ರೂ, ಮತ್ತು ಸ್ಟಾಪ್ ಪಿನ್ ಇಲ್ಲವೇ ಇಲ್ಲ.

ಹಾಗಾಗಿ ಅಂಗಡಿ ಕಡೆ ಹೊರಟೆ. ಇಲ್ಲಿ ಆಯ್ಕೆಗಳು ಜಾಸ್ತಿ, ಗೊಂದಲವೂ ಜಾಸ್ತಿ.

ಮೊದಲ ಗೊಂದಲ ರೇಲ್‌ನದ್ದು. ಹೆಚ್ಚಿನ ಏರ್ ರೈಫಲ್‌ಗಳಲ್ಲಿ ಇರುವುದು 11 ಎಂಎಂ ಡವ್‌ಟೇಲ್. ರಿಸೀವರ್, ಅಂದರೆ ರೈಫಲ್‌ನ ಮೈಕೊಳವೆಯ ಮೇಲೆ ಉದ್ದಕ್ಕೆ ಕೊರೆದ ಎರಡು ಗೀರು, ಅಷ್ಟೇ. ಪಿಕಟಿನಿ ಅಂದರೆ ಅಗಲ 21 ಎಂಎಂ ಇರುವ, ಅಡ್ಡಡ್ಡ ಕಚ್ಚುಗಳಿರುವ ರೇಲ್. ಪಿಕಟಿನಿಯಲ್ಲಿ ಮೌಂಟ್‌ನ ಅಡ್ಡ ಬೋಲ್ಟ್ ಕಚ್ಚಿನೊಳಗೆ ಕೂತುಬಿಡುವುದರಿಂದ ಜಾರುವ ಮಾತೇ ಇಲ್ಲ. ಡವ್‌ಟೇಲ್‌ನಲ್ಲಿ ಹಿಡಿದಿಡುವುದು ಬರೀ ಬಿಗಿತ. ಆನ್‌ಲೈನ್‌ನಲ್ಲಿ ಚೆನ್ನಾಗಿ ಕಾಣುವ ಅಗ್ಗದ ಮೌಂಟ್‌ಗಳಲ್ಲಿ ಬಹಳಷ್ಟು ಪಿಕಟಿನಿಯವು, ನಮ್ಮ ರೈಫಲ್‌ಗೆ ಕೂರುವುದೇ ಇಲ್ಲ. 11ರಿಂದ 21ಕ್ಕೆ ಅಡಾಪ್ಟರ್ ಹಾಕಬಹುದು ಅಂತಾರೆ. ನಾನು ಅದನ್ನು ಬೇಡ ಅನ್ನುತ್ತೇನೆ. ಅಡಾಪ್ಟರ್ ಕೂಡ ಅದೇ ಡವ್‌ಟೇಲನ್ನೇ ಕಚ್ಚಿ ನಿಲ್ಲಬೇಕು, ಅದಕ್ಕೇ ಪಿನ್ ಇಲ್ಲದಿದ್ದರೆ ಈಗ ಇಡೀ ಅಡಾಪ್ಟರೇ ಜಾರುತ್ತದೆ. ಮೇಲೆ ಸ್ಕೋಪ್ ಎತ್ತರ ಆಗಿ ಕೆನ್ನೆ ಸ್ಟಾಕ್‌ನಿಂದ ಮೇಲೇಳುತ್ತದೆ.

ಇನ್ನು ದುಬಾರಿ ಕಡೆ. ಬಿಕೆಎಲ್ ಮೌಂಟ್‌ಗಳ ಹಿಡಿತಕ್ಕೆ ಒಳ್ಳೆ ಹೆಸರಿದೆ. ಅದರ ಸ್ಕ್ರೂ ತೆಗೆದು ಪಕ್ಕದ ಇನ್ನೊಂದು ತೂತಿಗೆ ಹಾಕಿ ತಿರುಗಿಸಿದರೆ ಬಾಯಿ ಅಗಲವಾಗುತ್ತದೆ, ರೇಲ್ ಮೇಲೆ ಇಟ್ಟು ಬಿಟ್ಟರೆ ತಾನೇ ಕಚ್ಚುತ್ತದೆ. ಪಿನ್ ಕೂಡ ಬೇಡ ಅನ್ನುವಷ್ಟು ಹಿಡಿತ. ಸ್ಪೋರ್ಟ್ಸ್‌ಮ್ಯಾಚ್‌ನಲ್ಲಿ ಎತ್ತರ, ಪಕ್ಕ ಎರಡೂ ಹೊಂದಿಸಬಹುದಾದ ಮೌಂಟ್ ಸಿಗುತ್ತದೆ. ಡಯಾನಾದ ಬುಲ್ಸ್‌ಐ ಝಡ್‌ಆರ್ ಅಂತ ಒಂದಿದೆ, ಅದರಲ್ಲಿ ಸ್ಕೋಪ್ ಕೂತ ಭಾಗವೇ ಹೊಡೆದಾಗ ಹಿಂದೆ ಮುಂದೆ ಜಾರಿ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ, ಹೊಡೆತ ಸ್ಕೋಪ್‌ಗೆ ತಾಗುವುದು ಬಹಳ ಕಡಿಮೆ. ಎಲ್ಲ ಒಳ್ಳೆಯ ಸಾಮಾನು. ಇವು ಹೊರದೇಶದಿಂದ ಬರಬೇಕು, ಸಾಗಣೆ, ಸುಂಕ ಸೇರಿದರೆ ನನ್ನ ಸ್ಕೋಪ್‌ನ ಬೆಲೆಯ ಹತ್ತಿರ ಬಂದು ನಿಲ್ಲುತ್ತವೆ. ನಾಲ್ಕೈದು ಸಾವಿರದ ಸ್ಕೋಪ್‌ಗೆ ಅಷ್ಟೇ ಬೆಲೆಯ ಮೌಂಟ್ ಹಾಕುವುದರಲ್ಲಿ ಅರ್ಥವಿಲ್ಲ. ನಿಮ್ಮ ಸ್ಕೋಪ್ ಇಪ್ಪತ್ತು ಮೂವತ್ತು ಸಾವಿರದ್ದಾಗಿದ್ದರೆ ಮಾತು ಬೇರೆ, ಆಗ ಅದನ್ನು ಕಾಪಾಡಲು ಖರ್ಚು ಮಾಡಲೇಬೇಕು.

ನಾನು ತಗೊಂಡದ್ದು ಒಂದೇ ತುಂಡಿನ 11 ಎಂಎಂ ಅಲ್ಯೂಮಿನಿಯಂ ಮೌಂಟ್, 1 ಇಂಚಿನ ಟ್ಯೂಬ್‌ಗೆ, ಮೀಡಿಯಂ ಎತ್ತರ. ಕಂಪನಿಯ ಹೆಸರು ಬರೆಯುತ್ತಿಲ್ಲ, ಇದೇ ನಮೂನೆಯದ್ದು ಬೇರೆ ಬೇರೆ ಮುದ್ರೆ ಹಾಕಿಕೊಂಡು ಮಾರಾಟವಾಗುತ್ತದೆ. ನೋಡಬೇಕಾದ್ದು ಹೆಸರಲ್ಲ, ಮೂರು ಸಂಗತಿ. ಕೆಳಗೆ ಕಚ್ಚುವ ಪಟ್ಟಿ ಉದ್ದವಾಗಿರಬೇಕು, ಅದಕ್ಕೆ ನಾಲ್ಕು ಸ್ಕ್ರೂ ಇರಬೇಕು. ಪ್ರತಿ ರಿಂಗ್‌ನ ಮೇಲಿನ ಮುಚ್ಚಳಕ್ಕೆ ಎರಡಲ್ಲ, ನಾಲ್ಕು ಸ್ಕ್ರೂ. ಎಲ್ಲಕ್ಕಿಂತ ಮುಖ್ಯ, ತಳದಲ್ಲಿ ಸ್ಟಾಪ್ ಪಿನ್. ಇದು ಮೇಲಿನಿಂದ ಅಲೆನ್ ಕೀ ಹಾಕಿ ಇಳಿಸುವ ಸಣ್ಣ ಮೊಳೆಯಂಥದ್ದು. ರೇಲ್‌ನ ಹಿಂಭಾಗದಲ್ಲಿ ಇರುವ ತೂತಿನೊಳಗೆ ಇಳಿದರೆ ಮೌಂಟ್ ಹಿಂದಕ್ಕೆ ಬರುವುದಕ್ಕೆ ಜಾಗವೇ ಇರುವುದಿಲ್ಲ. ರೇಲ್‌ನಲ್ಲಿ ತೂತು ಇಲ್ಲದ ರೈಫಲ್‌ಗಳೂ ಇವೆ. ಆಗ ಮೌಂಟ್‌ನ ಹಿಂದೆ ಬೇರೆಯಾಗಿ ಕಚ್ಚಿಸುವ ಸ್ಟಾಪ್ ತುಂಡು ತಗೊಳ್ಳಿ. ಇಲ್ಲವಾದರೆ ರೇಲ್ ಮುಗಿಯುವ ಕಡೆ ಇರುವ ಅಡ್ಡ ಪಟ್ಟಿಗೆ ಮೌಂಟನ್ನು ಒತ್ತಿ ಕೂರಿಸಿ.

ಡಬ್ಬಿ ಬಿಚ್ಚಿದಾಗ ಮೊದಲು ಬೇಸರವೇ ಆಯಿತು. ರಿಂಗ್‌ನ ಒಳಮೈ ಮೇಲೆ ಬೆರಳು ಆಡಿಸಿದರೆ ಅಂಚಿನಲ್ಲಿ ಚೂಪು. ಹಾಗೇ ಬಿಗಿದಿದ್ದರೆ ಸ್ಕೋಪ್ ಟ್ಯೂಬ್ ಮೇಲೆ ಉಂಗುರದ ಗುರುತು ಬೀಳುತ್ತಿತ್ತು. ನುಣುಪು ಸ್ಯಾಂಡ್ ಪೇಪರನ್ನು ಬೆರಳಿಗೆ ಸುತ್ತಿ ಅಂಚನ್ನು ಮಾತ್ರ ನಾಲ್ಕು ಸಲ ಸವರಿದೆ, ಸರಿಹೋಯಿತು. ಸ್ಕ್ರೂಗಳ ಗುಣಮಟ್ಟ ಇನ್ನೂ ಕಡಿಮೆ. ತಲೆ ಮೆದು. ಜೊತೆಗೆ ಕೊಟ್ಟ ಅಲೆನ್ ಕೀ ಸರಿಯಾಗಿ ಕೂರುವುದಿಲ್ಲ, ಅದನ್ನೇ ಬಳಸಿದರೆ ಷಡ್ಭುಜ ತೂತು ದುಂಡಗಾಗಿಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಳ್ಳೆ ಅಲೆನ್ ಕೀ ಸೆಟ್ ತಗೊಳ್ಳಿ. ಅದೇ ಅಳತೆಯ ಸ್ಟೀಲ್ ಸ್ಕ್ರೂ ಸಿಕ್ಕರೆ ಅವನ್ನೂ ತಗೊಂಡುಬಿಡಿ. ಈ ಬೆಲೆಯಲ್ಲಿ ಕಂಪನಿಗಳು ಉಳಿಸುವುದೇ ಸ್ಕ್ರೂನಲ್ಲಿ.

ಕೂರಿಸುವ ಕ್ರಮದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅಗ್ಗದ ಮೌಂಟ್ ಸರಿಯಾಗಿ ಕೂರಿಸಿದರೆ ದುಬಾರಿ ಮೌಂಟ್‌ನಷ್ಟೇ ಕೆಲಸ ಮಾಡುತ್ತದೆ. ರೇಲ್ ಒರೆಸಿ ಒಣಗಿಸಿ. ಪಿನ್ ತೂತಿನೊಳಗೆ ಇಳಿಸಿ. ಈಗ ಕೆಳಗಿನ ಸ್ಕ್ರೂ ಬಿಗಿಯುವ ಮುಂಚೆ ಮೌಂಟನ್ನು ಕೈಯಿಂದ ಹಿಂದಕ್ಕೆ ಒತ್ತಿ ಹಿಡಿಯಿರಿ. ಪಿನ್ ತೂತಿನ ಗೋಡೆಗೆ ಟಕ್ ಅಂತ ತಾಗುವುದು ಬೆರಳಿಗೆ ಗೊತ್ತಾಗುತ್ತದೆ. ಅದೇ ಒತ್ತಡದಲ್ಲಿ ಹಿಡಿದುಕೊಂಡೇ ಸ್ಕ್ರೂ ಬಿಗಿಯಿರಿ. ತೂತು ಪಿನ್‌ಗಿಂತ ಸ್ವಲ್ಪ ದೊಡ್ಡದು ಇರುತ್ತದಲ್ಲ, ಮೊದಲೇ ಒತ್ತಿಕೊಳ್ಳದಿದ್ದರೆ ಆ ಸಂದಿಯಷ್ಟು ಜಾರಿಯೇ ನಿಲ್ಲುತ್ತದೆ, ಝೀರೋ ಹೋಗುತ್ತದೆ. ಪಿನ್ ಅತಿಯಾಗಿ ಇಳಿಸಿದರೆ ತೂತಿನ ತಳಕ್ಕೆ ತಾಗಿ ಮೌಂಟ್ ಹಿಂಭಾಗ ಎದ್ದು ಕೂರುತ್ತದೆ, ಅದನ್ನೂ ನೋಡಿಕೊಳ್ಳಿ.

ಸ್ಕೋಪ್ ಇಟ್ಟು ಕಣ್ಣಿನ ದೂರ ಹೊಂದಿಸಿ. ಸಾಮಾನ್ಯವಾಗಿ ಮೂರು ಮೂರೂವರೆ ಇಂಚು. ಮುಚ್ಚಳದ ಸ್ಕ್ರೂಗಳನ್ನು ಎದುರುಬದುರು, ಒಂದೊಂದಕ್ಕೆ ಕಾಲು ಸುತ್ತಿನಂತೆ ಬಿಗಿಯಬೇಕು. ಎರಡೂ ಬದಿಯ ಸಂದಿ ಒಂದೇ ಸಮ ಇರಬೇಕು. ಎಷ್ಟು ಬಿಗಿ ಅಂದರೆ, ಟಾರ್ಕ್ ರೆಂಚ್ ಇದ್ದವರು 15ರಿಂದ 18 ಇಂಚು ಪೌಂಡ್ ಇಟ್ಟುಕೊಳ್ಳಬಹುದು, ಅಂದರೆ ಸುಮಾರು 2 ನ್ಯೂಟನ್ ಮೀಟರ್. ಇಲ್ಲದವರು ಅಲೆನ್ ಕೀಯ ಗಿಡ್ಡ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಅದು ನಿಂತಲ್ಲಿ ನಿಲ್ಲಿಸಿ. ಉದ್ದ ತುದಿ ಹಿಡಿದು ಬಲ ಹಾಕಿದರೆ ಟ್ಯೂಬ್ ನೆಗ್ಗುತ್ತದೆ. ಕೆಳಗಿನ ಸ್ಕ್ರೂಗಳಿಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯುವ ಅಂಟು) ಒಂದು ಹನಿ. ಕೆಂಪು ಬೇಡವೇ ಬೇಡ, ಅದನ್ನು ಬಿಚ್ಚಬೇಕಾದರೆ ಬಿಸಿ ಮಾಡಬೇಕಾಗುತ್ತದೆ.

ಇನ್ನೊಂದು ವಿಷಯ, ಬ್ರೇಕ್ ಬ್ಯಾರಲ್ ಇರುವವರು ಗಮನಿಸಬೇಕಾದ್ದು. ಬಹಳಷ್ಟು ಬ್ರೇಕ್ ಬ್ಯಾರಲ್‌ಗಳಲ್ಲಿ ಬ್ಯಾರಲ್ ರೇಲ್‌ಗೆ ಸಮಾನಾಂತರ ಇರುವುದಿಲ್ಲ, ತುದಿ ಸ್ವಲ್ಪ ಕೆಳಗೆ ಬಾಗಿರುತ್ತದೆ. ಹೊಡೆದದ್ದು ಕೆಳಗೆ ಬೀಳುತ್ತದೆ. ನಾವು ಸ್ಕೋಪ್ ಮೇಲಿನ ಟರೆಟ್ (ಗುರಿ ಹೊಂದಿಸುವ ತಿರುಗುಂಡಿ) ತಿರುಗಿಸುತ್ತಾ ತಿರುಗಿಸುತ್ತಾ ಕೊನೆಗೆ ಮುಟ್ಟಿಸುತ್ತೇವೆ. ಅಲ್ಲಿ ಸ್ಕೋಪ್ ಒಳಗಿನ ಸ್ಪ್ರಿಂಗ್‌ಗೆ ಹಿಡಿತ ಇರುವುದಿಲ್ಲ, ಹೊಡೆತಕ್ಕೊಮ್ಮೆ ಅಲ್ಲಾಡುತ್ತದೆ. ನೋಡಿದವರಿಗೆ ಮೌಂಟ್ ಜಾರಿದ ಹಾಗೇ ಕಾಣುತ್ತದೆ. ಇದಕ್ಕೆ ಹಿಂದಿನ ರಿಂಗ್‌ನ ಕೆಳಗಿನ ಅರ್ಧದಲ್ಲಿ ತೆಳು ಶಿಮ್ (ಎತ್ತರಿಸುವ ತಗಡಿನ ತುಂಡು) ಇಟ್ಟರೆ ಸಾಕು. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನ್‌ನಿಂದ ಕತ್ತರಿಸಿದ ತುಂಡಿನ ದಪ್ಪ ಸುಮಾರು 0.1 ಎಂಎಂ. ರಿಂಗ್‌ಗಳ ನಡುವೆ 100 ಎಂಎಂ ಅಂತರ ಇದ್ದರೆ ಈ ಒಂದು ತುಂಡು 25 ಮೀಟರ್‌ನಲ್ಲಿ ಪೆಲೆಟ್ ಬೀಳುವ ಜಾಗವನ್ನು 25 ಎಂಎಂ, ಅಂದರೆ ಒಂದು ಇಂಚಿನಷ್ಟು ಮೇಲೆತ್ತುತ್ತದೆ. ಕ್ಲಿಕ್‌ಗೆ ಕಾಲು ಎಂಒಎ (ಒಂದು ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತರಲ್ಲೊಂದು ಪಾಲು) ಸರಿಯುವ ಸ್ಕೋಪ್‌ನಲ್ಲಿ ಅದೇ ದೂರಕ್ಕೆ ಒಂದು ಕ್ಲಿಕ್ ಅಂದರೆ ಎರಡು ಎಂಎಂಗೂ ಕಡಿಮೆ. ಹದಿಮೂರು ಹದಿನಾಲ್ಕು ಕ್ಲಿಕ್ ಮಾಡುವ ಕೆಲಸವನ್ನು ಒಂದು ಕ್ಯಾನ್ ತುಂಡು ಮಾಡುತ್ತದೆ ನೋಡಿ. ಎರಡು ತುಂಡಿನವರೆಗೆ ಸರಿ. ಅದಕ್ಕಿಂತ ಜಾಸ್ತಿ ಬೇಕಾದರೆ ಟ್ಯೂಬ್ ಬಾಗುವ ಭಯ ಇದೆ, ಆಗ ಮಾತ್ರ ಎತ್ತರ ಹೊಂದಿಸುವ ಮೌಂಟ್‌ಗೆ ದುಡ್ಡು ಹಾಕಿ. ಈ ಲೆಕ್ಕದಿಂದಲೇ ಇನ್ನೊಂದು ಮಾತೂ ಗೊತ್ತಾಗುತ್ತದೆ: ಎರಡು ಬಿಡಿ ರಿಂಗ್‌ಗಳ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಪೆಲೆಟ್ ಬೀಳುವ ಜಾಗ ಒಂದು ಇಂಚಿನ ಆಸುಪಾಸು ಸರಿಯುತ್ತದೆ. ಎರಡೂ ರಿಂಗ್ ಒಂದೇ ತುಂಡಿನಲ್ಲಿ ಕೊರೆದಿರುವುದರಿಂದ ಆ ವ್ಯತ್ಯಾಸ ಬರುವುದು ಕಡಿಮೆ.

ಫಲಿತಾಂಶ ಹೇಳುತ್ತೇನೆ. ಹೊಸ ಮೌಂಟ್ ಹಾಕಿದ ಮೇಲೆ ಬಿಳಿ ಗೆರೆ ಎಳೆದಲ್ಲೇ ಇದೆ. ಹಲವು ಡಬ್ಬಿ ಪೆಲೆಟ್ ಮುಗಿದರೂ ಅಲ್ಲಾಡಿಲ್ಲ. 25 ಮೀಟರ್‌ನಲ್ಲಿ ಗಾಳಿ ಇಲ್ಲದ ಬೆಳಿಗ್ಗೆ ಐದು ಪೆಲೆಟ್ ಒಂದು ರೂಪಾಯಿ ನಾಣ್ಯದೊಳಗೆ ಬೀಳುತ್ತವೆ, ಮಾರನೇ ದಿನ ಅದೇ ಜಾಗಕ್ಕೆ ಬೀಳುತ್ತವೆ. ಗ್ರೂಪ್ ಚಿಕ್ಕದಾದದ್ದಕ್ಕಿಂತ, ಅದು ಇದ್ದಲ್ಲೇ ಇರುವುದು ನನಗೆ ಹೆಚ್ಚು ಖುಷಿ. ಮೊದಲು ಪ್ರತಿ ಸಲ ಝೀರೋ ಮಾಡುವುದರಲ್ಲೇ ಅರ್ಧ ಪೆಲೆಟ್ ಖಾಲಿ ಆಗುತ್ತಿತ್ತು.

ಕೊರತೆಗಳಿಲ್ಲವೆಂದಲ್ಲ. ರಿಂಗ್‌ಗಳ ನಡುವಿನ ಅಂತರ ಬದಲಾಯಿಸಲು ಆಗುವುದಿಲ್ಲ, ಪಿನ್ ತೂತಿನ ಜಾಗವೂ ನಿಗದಿ. ಹಾಗಾಗಿ ಸ್ಕೋಪನ್ನು ಹಿಂದೆ ಮುಂದೆ ಮಾಡಲು ಉಳಿಯುವ ಜಾಗ ಕಡಿಮೆ. ಟರೆಟ್ ಮುಂದಿನ ಹಿಂದಿನ ನೇರ ಟ್ಯೂಬ್ ಗಿಡ್ಡ ಇರುವ ಸ್ಕೋಪ್‌ಗಳು ಕೂರದೇ ಇರಬಹುದು. ನನ್ನ ತಮ್ಮ ಉದ್ದ ಕೈಯವನು, ಅವನಿಗೆ ಇದೇ ರೈಫಲ್‌ನಲ್ಲಿ ಕಣ್ಣು ಸರಿಯಾಗಿ ಕೂರುವುದಿಲ್ಲ. ಬಿಡಿ ರಿಂಗ್‌ಗಿಂತ ತೂಕವೂ ಜಾಸ್ತಿ. ಹೊತ್ತು ತಿರುಗುವವರಿಗೆ ಗೊತ್ತಾಗುತ್ತದೆ.

ಮೌಂಟ್ ಬೇಡವೇ ಬೇಡ ಅನ್ನಬೇಕಾದವರೂ ಇದ್ದಾರೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆ ಮನಸ್ಸಿನಲ್ಲಿ ಇರುವವರು ಸ್ಕೋಪನ್ನೇ ಮರೆತುಬಿಡಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಆ ಸ್ಪರ್ಧೆಯಲ್ಲಿ ದೂರದರ್ಶಕ ಸ್ಕೋಪ್‌ಗೆ ಅವಕಾಶ ಇಲ್ಲ, ಪೀಪ್ ಸೈಟ್‌ನಲ್ಲೇ (ಸಣ್ಣ ತೂತಿನ ಮೂಲಕ ನೋಡುವ ಗುರಿಕಿಂಡಿ) ಹೊಡೆಯಬೇಕು. ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಿಗೆ ಹೋಗುವವರೂ ಮೊದಲು ಅಲ್ಲಿನ ನಿಯಮ ಕೇಳಿಕೊಂಡು ಆಮೇಲೆ ಖರ್ಚು ಮಾಡಿ. ಮತ್ತೆ, 10 ಮೀಟರ್‌ನಲ್ಲಿ ಸ್ಕೋಪ್‌ನಲ್ಲಿ ಗುರಿ ಮಸುಕಾಗಿ ಕಂಡು, ತಲೆ ಸ್ವಲ್ಪ ಆಡಿಸಿದರೆ ಕ್ರಾಸ್‌ಹೇರ್ ಓಡಾಡುತ್ತಿದ್ದರೆ ಅದು ಪ್ಯಾರಲಾಕ್ಸ್ ಸಮಸ್ಯೆ. ಬಹಳಷ್ಟು ಸ್ಕೋಪ್‌ಗಳನ್ನು 100 ಗಜಕ್ಕೆ ಹೊಂದಿಸಿರುತ್ತಾರೆ. ಇದಕ್ಕೆ ಮೌಂಟ್ ಅಲ್ಲ, ಮುಂದಿನ ಗಾಜಿನ ಹತ್ತಿರ ದೂರ ಹೊಂದಿಸುವ ಎಒ ಸ್ಕೋಪ್ ಬೇಕು. ದುಡ್ಡು ಒಂದಕ್ಕೇ ಇದ್ದರೆ ಅದಕ್ಕೆ ಕೂಡಿಡಿ.

ಕಾನೂನಿನ ಮಾತು ಚಿಕ್ಕದಾಗಿ: .177 ಮತ್ತು ಅದಕ್ಕಿಂತ ಕಡಿಮೆ ಅಳತೆಯ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಆದರೆ ಹಕ್ಕಿ, ಅಳಿಲು, ಕೋತಿ ಅಂತ ಗುರಿ ಇಡುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ನನಗೂ ಅದು ಸರಿಯೆನಿಸುವುದಿಲ್ಲ. ಕಾಗದ, ಡಬ್ಬಿ ಮುಚ್ಚಳ ಬೇಕಾದಷ್ಟಿವೆ. ಹಿಂದೆ ಮಣ್ಣಿನ ದಿಬ್ಬ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಆರ್ಡರ್ ಹಾಕುವ ಮುಂಚೆ ವರ್ನಿಯರ್ ಹಿಡಿದು ರೇಲ್‌ನ ಅಗಲ ಅಳೆಯಿರಿ. 11 ಅಂತ ಹೇಳಿದರೂ ರೈಫಲ್‌ನಿಂದ ರೈಫಲ್‌ಗೆ ಹೆಚ್ಚುಕಡಿಮೆ ಇರುತ್ತದೆ. ರೇಲ್‌ನ ಹಿಂದಿನ ತುದಿಯಿಂದ ಪಿನ್ ತೂತು ಎಷ್ಟು ದೂರ, ತೂತಿನ ಬಾಯಿ ಎಷ್ಟು ದಪ್ಪ, ಸ್ಕೋಪ್ ಟ್ಯೂಬ್ 1 ಇಂಚಾ 30 ಎಂಎಂಆ, ಟರೆಟ್‌ನ ಎರಡೂ ಬದಿ ನೇರ ಟ್ಯೂಬ್ ಎಷ್ಟು ಉದ್ದ, ಇಷ್ಟನ್ನೂ ಬರೆದುಕೊಂಡು ಅಂಗಡಿಯವರಿಗೆ ಕಳಿಸಿ, ಮೌಂಟ್ ತಳದ ಫೋಟೋ ಕೇಳಿ. ಪಿನ್ ಕಾಣದ ಫೋಟೋ ಕಳಿಸಿದರೆ ಬೇರೆ ಅಂಗಡಿ ನೋಡಿ.